ಚರ್ಚಲ್ಲಿ ಪ್ರಸಾದ ಕೊಟ್ರೆ ತಗೋಬಹುದಾ?

ಪ್ರಶ್ನೆ: ಅಕ್ಕಾ, ಅಡಿಕೆ ಕೊಯ್ಲು ಮುಗಿದ್ಮೇಲೆ ಮನೆಮಂದಿಯೆಲ್ಲ ಗೋವಾಕ್ಕೆ ಹೊರಟಿದೀವಿ. ಹಳೇ ಗೋವಾದ ಬಾಮ್ ಜೀಸಸ್ ಚರ್ಚ್ ನೋಡ್ಬೇಕು ಅಂತ ಅತ್ತೆಗೆ ಭಾರೀ ಆಸೆ. ನಾವ್ಯಾರೂ ಚರ್ಚಿನೊಳಗೆ ಹೋದೋರಲ್ಲ. ಚಪ್ಪಲಿ ಬಿಡ್ಬೇಕಾ, ಪೂಜೆ ನಡೀತಿದ್ರೆ ಒಳಗೆ ಬಿಡ್ತಾರಾ, ಪ್ರಸಾದ ಕೊಟ್ರೆ ತಗೋಬಹುದಾ?
– ಓದುಗರೊಬ್ಬರು, ಸಾಗರ

ಉತ್ತರ: ಧಾರಾಳವಾಗಿ ಹೋಗಿಬನ್ನಿ. ಚಪ್ಪಲಿ ಬಿಡ್ಬೇಕಂತಿಲ್ಲ, ಆದ್ರೆ ಚಡ್ಡಿ, ತೋಳಿಲ್ಲದ ಬಟ್ಟೆ ಬೇಡ. ಮಾವನವರು ಟೋಪಿ ಹಾಕಿದ್ರೆ ಬಾಗಿಲಲ್ಲೇ ತೆಗೀಲಿ.

ಪ್ರಸಾದದ ವಿಷಯ ಮಾತ್ರ ಸರಿಯಾಗಿ ತಿಳ್ಕೊಳ್ಳಿ. ಬಲಿಪೂಜೆ (ಚರ್ಚಿನ ಮುಖ್ಯ ಪೂಜೆಗೆ, ಅಂದ್ರೆ ಮಾಸ್‌ಗೆ, ಹಾಗನ್ನೋದು) ಮುಗಿಯೋ ಹೊತ್ತಿಗೆ ಫಾದರ್ ಗುಂಡಗಿನ, ಬಿಳೀ, ಹಪ್ಪಳಕ್ಕಿಂತ ತೆಳ್ಳಗಿನ ಒಂದು ಬಿಲ್ಲೆ ಕೊಡ್ತಾರೆ, ಜನ ಸಾಲಾಗಿ ಹೋಗ್ತಾರೆ, ನಮ್ಮ ಕಡೆಯೋರು ತೀರ್ಥಪ್ರಸಾದ ಅಂದ್ಕೊಂಡು ತಾವೂ ನಿಂತ್ಬಿಡ್ತಾರೆ. ಕ್ಯಾಥೊಲಿಕರಿಗೆ ಅದು ಸಾಕ್ಷಾತ್ ಯೇಸುವಿನ ಶರೀರ, ಪರಮಪ್ರಸಾದ. ದೀಕ್ಷಾಸ್ನಾನ, ಅಂದ್ರೆ ಕ್ರೈಸ್ತರಾಗೋ ಸಂಸ್ಕಾರ, ಆಗಿ ಅದಕ್ಕೆ ತಯಾರಾದೋರಿಗಷ್ಟೇ. ಮಕ್ಕಳು ಇಸ್ಕೊಂಡು ಜೇಬಿಗೆ ಹಾಕ್ಕೊಂಡ್ರೆ ಅವರಿಗೆ ನಿಜಕ್ಕೂ ನೋವಾಗತ್ತೆ, ಆ ಹೊತ್ತಲ್ಲಿ ಬೆಂಚಲ್ಲೇ ಕೂತಿರಿ. ಪೂಜೆ ನಡೀತಿದ್ರೆ ಹಿಂದಿನ ಬೆಂಚು ನೋಡ್ಕೊಳ್ಳಿ, ಎಲ್ಲರೂ ಎದ್ದಾಗ ಎದ್ದು ನಿಂತ್ರೆ ಸಾಕು, ಮೊಣಕಾಲೂರೋದು ಬೇಕಿಲ್ಲ. ಫೋಟೋಗೆ ಅಂತ ಪೂಜಾಪೀಠಕ್ಕೆ ಬೆನ್ನು ಹಾಕಿ ನಿಲ್ಬೇಡಿ. ಭಾನುವಾರ ಬೆಳಗ್ಗೆ ಬಿಟ್ಟು ವಾರದ ದಿನ ಹೋದ್ರೆ ಒಳ್ಳೇದು.

ಒಳಗೆ ಹೋಗೋ ಮುಂಚೆ ಹೊರಗೋಡೆ ಮುಟ್ಟಿ ನೋಡಿ, ನೀವು ಸಾಗರದೋರು, ಆ ತೂತುತೂತು ಕೆಂಪು ಕಲ್ಲು ಥಟ್ ಅಂತ ಗುರುತು ಸಿಗತ್ತೆ, ನಮ್ಮ ಜಂಬಿಟ್ಟಿಗೆನೇ! 1594ರಲ್ಲಿ ಕಟ್ಟೋಕೆ ಶುರುಮಾಡಿ 1605ರಲ್ಲಿ ಪ್ರತಿಷ್ಠೆ ಮಾಡಿದ ಚರ್ಚು ಅದು. ಗೋಡೆಗೆ ಮೊದಲು ಸುಣ್ಣದ ಗಾರೆ ಇತ್ತು, 1950ರ ದಶಕದಲ್ಲಿ ಕಿತ್ತುಬಿಟ್ರು, ಈಗ ಮಳೆ ನೇರ ಕಲ್ಲಿಗೇ ಹೊಡೆಯತ್ತೆ. ಮತ್ತೆ ಗಾರೆ ಹಾಕ್ಬೇಕು ಅನ್ನೋ ಒತ್ತಾಯ ಇದೆ, ಮಲೆನಾಡಿನ ಮಳೆ ಕಂಡ ನನಗೂ ಅದೇ ಸರಿ ಅನ್ಸತ್ತೆ.

1552ರಲ್ಲಿ ಚೀನಾ ಹತ್ರದ ದ್ವೀಪದಲ್ಲಿ ತೀರಿಕೊಂಡ ಕ್ರೈಸ್ತ ಧರ್ಮಪ್ರಚಾರಕ ಸಂತ ಫ್ರಾನ್ಸಿಸ್ ಕ್ಸೇವಿಯರ್ ದೇಹ ಇಲ್ಲಿ ಬೆಳ್ಳಿ ಪೆಟ್ಟಿಗೇಲಿದೆ, ಎತ್ತರದ ಅಮೃತಶಿಲೆ ಕಟ್ಟೆ ಮೇಲೆ. ಹತ್ತು ವರ್ಷಕ್ಕೊಮ್ಮೆ ಕೆಳಗಿಳಿಸಿ ದರ್ಶನಕ್ಕಿಡ್ತಾರೆ, ಹೋದ ಸಲದ್ದು 2025ರ ಜನವರಿಗೆ ಮುಗೀತು, ಹಾಗಾಗಿ ಹತ್ತಿರದಿಂದ ಕಾಣ್ಸಲ್ಲ ಅಂತ ಅತ್ತೆಗೆ ಮೊದಲೇ ಹೇಳಿಡಿ.

ಆದ್ರೆ ಹೊರಡೋ ಮುಂಚೆ ಒಂದ್ಸಲ ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಚರ್ಚಿಗೆ ಅತ್ತೇನ ಕರ್ಕೊಂಡು ಹೋಗಿ. ಗೋವಾದ ಕೊಂಕಣಿ ಪೂಜೆ ಅವರಿಗೆ ತಿಳೀಲಿಕ್ಕಿಲ್ಲ, ಇಲ್ಲಾದ್ರೆ ಕನ್ನಡ ಪೂಜೆಗೆ ಕೂತು ಏನೇನು ನಡೆಯತ್ತೆ ಅಂತ ಕೇಳಿ ತಿಳ್ಕೋಬಹುದು.