ಓದುಗರ ಪ್ರಶ್ನೆ: ಬೆಟ್ಟದ ಬುಡದ ಪರದೇಶದ ಊರಿಗೆ ಹೊರಡುವ ಮುನ್ನ

ಪ್ರಶ್ನೆ: ನನ್ನ ಮಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದಾನೆ. ಮುಂದಿನ ವರ್ಷದಿಂದ ಮೂರು ವರ್ಷಗಳ ಮಟ್ಟಿಗೆ ಅವನನ್ನು ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಗೆ ಕಳುಹಿಸುತ್ತಿದ್ದಾರೆ. ಸೊಸೆ ಮತ್ತು ಆರು ವರ್ಷದ ಮೊಮ್ಮಗನೂ ಜೊತೆಗೆ ಹೋಗುವವರಿದ್ದಾರೆ. ಮಗುವಿಗೆ ಚಳಿಗಾಲದಲ್ಲಿ ಉಬ್ಬಸ ಬರುತ್ತದೆ. ಆ ಊರು ಭೂಕಂಪದ ಬಿರುಕಿನ ಮೇಲೆಯೇ ಇದೆ, ಹೋಗುವುದೇ ಬೇಡ ಎಂದು ನೆಂಟರೊಬ್ಬರು ಹೆದರಿಸುತ್ತಿದ್ದಾರೆ. ನಂದಿಬೆಟ್ಟದಂಥ ಹವೆ, ಮಗುವಿಗೆ ಒಳ್ಳೆಯದೇ ಆಗುತ್ತದೆ ಎಂದು ಮಗನ ಸಹೋದ್ಯೋಗಿ ಹೇಳುತ್ತಾರೆ. ಮಗ ಆಗಲೇ ವಿಡಿಯೊದಲ್ಲಿ ನೋಡಿ ಹಳೆಯ ಕೆಂಪು ಇಟ್ಟಿಗೆಯ ಮನೆಯೊಂದನ್ನು ಬಾಡಿಗೆಗೆ ಮೆಚ್ಚಿಕೊಂಡಿದ್ದಾನೆ. ಯಾರ ಮಾತನ್ನು ನಂಬಬೇಕು?
– ನಿವೃತ್ತ ಶಿಕ್ಷಕಿ, ಕೋಲಾರ

ಉತ್ತರ: ನೆಂಟರ ಮಾತು ನಿಜ, ಆದರೆ ಅದರಿಂದ ಅವರು ತೆಗೆದ ತೀರ್ಮಾನ ಸರಿಯಲ್ಲ, ಸಹೋದ್ಯೋಗಿಯ ಮಾತು ಅರ್ಧ ಮಾತ್ರ ನಿಜ. ನಿಮ್ಮ ಪತ್ರ ಓದುವಾಗ ನಾನು ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಂಡದ್ದು ಕೊನೆಯ ಸಾಲಿನ ಇಟ್ಟಿಗೆಯ ಮನೆಗೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಎತ್ತರದ ವಿಚಾರ. ನಂದಿಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಸಾಲ್ಟ್ ಲೇಕ್ ಸಿಟಿ ಸುಮಾರು 1,300 ಮೀಟರ್ ಎತ್ತರದಲ್ಲಿದೆ. ಆದ್ದರಿಂದ ಎತ್ತರದ ಕಾರಣಕ್ಕೆ ಉಸಿರು ಕಟ್ಟೀತೆಂಬ ಭಯ ಬೇಡ. ಆದರೆ ನಂದಿ ನಾಲ್ಕೂ ಕಡೆ ಗಾಳಿಗೆ ತೆರೆದುಕೊಂಡ ಬೆಟ್ಟದ ತುದಿ, ಆ ಊರು ಬೆಟ್ಟಗಳ ನಡುವಿನ ತಗ್ಗು. ಪೂರ್ವಕ್ಕೆ 3,000 ಮೀಟರಿಗೂ ಮೀರಿದ ಶಿಖರಗಳಿರುವ ವಾಸಾಚ್ ಶ್ರೇಣಿ, ಪಶ್ಚಿಮಕ್ಕೆ ಇನ್ನೊಂದು ಬೆಟ್ಟದ ಸಾಲು, ವಾಯವ್ಯಕ್ಕೆ ಉಪ್ಪುನೀರಿನ ದೊಡ್ಡ ಸರೋವರ. ಸಾಮಾನ್ಯವಾಗಿ ಮೇಲೆ ಹೋದಂತೆ ಗಾಳಿ ತಣ್ಣಗಾಗುತ್ತದೆ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ, ಹಿಮ ಬಿದ್ದು ಆಕಾಶ ತಿಳಿಯಾಗಿ ಗಾಳಿ ನಿಂತಾಗ, ಅಲ್ಲಿ ಇದು ತಿರುಗಾಮುರುಗಾ ಆಗುತ್ತದೆ: ತಣ್ಣನೆಯ ಭಾರದ ಗಾಳಿ ಕಣಿವೆಯ ತಳದಲ್ಲಿ ಕುಳಿತುಬಿಡುತ್ತದೆ, ಅದರ ಮೇಲೆ ಬೆಚ್ಚನೆಯ ಗಾಳಿಯ ಪದರವು ಬೋಗುಣಿಗೆ ತಟ್ಟೆ ಮುಚ್ಚಿದಂತೆ ಮುಚ್ಚಿಕೊಳ್ಳುತ್ತದೆ. ವಾಹನಗಳ ಹೊಗೆ, ಮನೆ ಬಿಸಿಮಾಡುವ ಒಲೆಗಳ ಹೊಗೆ, ಕಾರ್ಖಾನೆಗಳ ಹೊಗೆ ಎಲ್ಲವೂ ಅದರೊಳಗೇ ಉಳಿಯುತ್ತವೆ. ಕೆಲವು ದಿನ, ಒಮ್ಮೊಮ್ಮೆ ವಾರಕ್ಕೂ ಮೀರಿ, ಮುಂದಿನ ಬಿರುಗಾಳಿ ಬಂದು ಗುಡಿಸಿಕೊಂಡು ಹೋಗುವ ತನಕ ಊರು ಬೂದುಬಣ್ಣಕ್ಕೆ ತಿರುಗಿರುತ್ತದೆ. ಪಿಎಂ 2.5 ಎನ್ನುವ ಸೂಕ್ಷ್ಮ ಕಣಗಳು ದಿನದ ಸರಾಸರಿಯಲ್ಲಿ ಒಂದು ಘನ ಮೀಟರಿಗೆ 15 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಮೆರಿಕದ ಕಾನೂನಿನ ಮಿತಿ 35. ಅಂಥ ದಿನಗಳಲ್ಲಿ ಈ ಎರಡನೆಯ ಮಿತಿಯೂ ದಾಟುವುದುಂಟು.

ನಿಮ್ಮ ಮೊಮ್ಮಗನ ಮಟ್ಟಿಗೆ ನಿಶ್ಚಿತವಾದ ತೊಂದರೆ ಎಂದರೆ ಇದು. ಭೂಕಂಪ ಬಂದೀತು, ಬಾರದೆಯೂ ಇದ್ದೀತು. ಈ ಹೊಗೆ ಮಾತ್ರ ಅವರು ಅಲ್ಲಿರುವ ಮೂರು ಚಳಿಗಾಲಗಳಲ್ಲಿಯೂ ಬರುತ್ತದೆ. ಹೊರಡುವ ಮುನ್ನ ಮಗುವನ್ನು ಈಗ ನೋಡುತ್ತಿರುವ ವೈದ್ಯರಿಂದ ಔಷಧಗಳ ಮೂಲ ಹೆಸರು, ಪ್ರಮಾಣ, ಉಬ್ಬಸ ಹೆಚ್ಚಾದಾಗ ಕ್ರಮವಾಗಿ ಏನು ಮಾಡಬೇಕು ಎನ್ನುವುದನ್ನು ಬರೆಸಿಕೊಳ್ಳಲಿ. ಇನ್‌ಹೇಲರ್, ಅದಕ್ಕೆ ಜೋಡಿಸುವ ಸ್ಪೇಸರ್ ಕೊಳವೆ ಕೈಚೀಲದಲ್ಲಿಯೇ ಇರಲಿ. ಅಲ್ಲಿ ಮಗು ಮಲಗುವ ಕೋಣೆಗೆ ಸೂಕ್ಷ್ಮ ಕಣಗಳನ್ನು ಹಿಡಿಯುವ ಹೆಪಾ ಫಿಲ್ಟರ್ ಇರುವ ಗಾಳಿ ಶುದ್ಧೀಕರಣ ಯಂತ್ರವನ್ನು ಮೊದಲ ತಿಂಗಳ ಖರ್ಚಿನಲ್ಲಿಯೇ ಸೇರಿಸಿಕೊಳ್ಳಬೇಕು. ಸೋಫಾ ಆಮೇಲೆ ಬರಲಿ. ಗಾಳಿ ಕೆಟ್ಟ ದಿನ ಮಕ್ಕಳನ್ನು ಆಟದ ಬಯಲಿಗೆ ಬಿಡದೆ ಒಳಗೇ ಇರಿಸಿಕೊಳ್ಳುವ ಪದ್ಧತಿ ಅಲ್ಲಿನ ಶಾಲೆಗಳಲ್ಲಿದೆ, ಆದರೆ ಈ ಮಗುವಿಗೆ ಉಬ್ಬಸವಿದೆ ಎಂಬುದನ್ನು ಶಾಲೆಗೆ ತಂದೆತಾಯಿಯೇ ಬರೆದುಕೊಡಬೇಕು.

ಬೇಸಿಗೆಯಲ್ಲಿಯೂ ಗಾಳಿ ಸದಾ ಶುದ್ಧವಲ್ಲ, ನೆಲಮಟ್ಟದಲ್ಲಿ ಉಸಿರಿಗೆ ಕೆಡುಕಾದ ಓಝೋನ್ ಅನಿಲ ಇರುತ್ತದೆ, ಪಶ್ಚಿಮದ ರಾಜ್ಯಗಳ ಕಾಡ್ಗಿಚ್ಚಿನ ಹೊಗೆ ತೇಲಿ ಬರುತ್ತದೆ. ಸರೋವರದ ವಿಷಯ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಅದಕ್ಕೆ ಬರುವ ಹೊಳೆಗಳ ನೀರನ್ನು ಹೊಲಗಳಿಗೂ ಊರುಗಳಿಗೂ ತಿರುಗಿಸಿಕೊಂಡಿದ್ದಕ್ಕೆ ಬರಗಾಲವೂ ಸೇರಿ, 2022ರ ನವೆಂಬರಿನಲ್ಲಿ ಅದು ದಾಖಲೆಯಲ್ಲೇ ಅತಿ ಕೆಳಮಟ್ಟಕ್ಕೆ ಇಳಿಯಿತು. ಒಣಗಿದ ತಳದ ಧೂಳಿನಲ್ಲಿ ಆರ್ಸೆನಿಕ್ ಇದೆ. ಇದು ಮೂರು ವರ್ಷ ಇದ್ದು ಬರುವವರಿಗಿಂತ ಅಲ್ಲಿಯೇ ನೆಲೆಸುವವರು ಹೆಚ್ಚು ಚಿಂತಿಸಬೇಕಾದ ವಿಷಯ.

ಇನ್ನು ಭೂಕಂಪ. ವಾಸಾಚ್ ಭ್ರಂಶವೆಂಬ ಬಿರುಕು ಬೆಟ್ಟದ ಬುಡದುದ್ದಕ್ಕೂ 350 ಕಿಲೋಮೀಟರಿಗೂ ಹೆಚ್ಚು ಚಾಚಿಕೊಂಡಿದೆ. ಊರಿನ ಪೂರ್ವದ ಬಡಾವಣೆಗಳು ಅದರ ಮೇಲೆಯೇ ಇವೆ. ಸಾಲ್ಟ್ ಲೇಕ್ ಸಿಟಿಯ ಪಾಲಿಗೆ ಬರುವ ತುಂಡು ಸರಾಸರಿ ಸುಮಾರು 1,300 ವರ್ಷಗಳಿಗೊಮ್ಮೆ ದೊಡ್ಡದಾಗಿ ಜಾರುತ್ತದೆಂದು ಭೂವಿಜ್ಞಾನಿಗಳು ನೆಲವನ್ನು ಅಗೆದು ಲೆಕ್ಕ ಹಾಕಿದ್ದಾರೆ. ಕಳೆದ ಸಲ ಜಾರಿ ಸರಿಸುಮಾರು ಅಷ್ಟೇ ಕಾಲವಾಗಿದೆ. 2014ರಿಂದ ಮುಂದಿನ 50 ವರ್ಷಗಳಲ್ಲಿ ಆ ಇಡೀ ಪ್ರದೇಶದಲ್ಲಿ ಎಲ್ಲಿಯಾದರೂ 6.75 ಅಥವಾ ಅದಕ್ಕೂ ಹೆಚ್ಚಿನ ತೀವ್ರತೆಯ ಭೂಕಂಪವಾಗುವ ಸಾಧ್ಯತೆ ಶೇ 43 ಎಂದು 2016ರಲ್ಲಿ ತಜ್ಞರ ತಂಡ ಅಂದಾಜಿಸಿತು. ನೆಂಟರು ಕೇಳಿರುವುದು ಬಹುಶಃ ಈ ಅಂಕಿಯನ್ನೇ. ಪ್ರತಿ ವರ್ಷದ ಅಪಾಯವೂ ಒಂದೇ ಎಂದುಕೊಂಡು ಸಂಭವನೀಯತೆಯ ಲೆಕ್ಕ ಹಾಕಿದರೆ ವರ್ಷಕ್ಕೆ ಶೇ 1ರ ಆಸುಪಾಸು, ನಿಮ್ಮ ಮಗನ ಮೂರು ವರ್ಷಕ್ಕೆ ಶೇ 3ಕ್ಕಿಂತ ತುಸು ಹೆಚ್ಚು ಬರುತ್ತದೆ. ಕಡೆಗಣಿಸುವಷ್ಟು ಚಿಕ್ಕದಲ್ಲ, ಒಳ್ಳೆಯ ಕೆಲಸವನ್ನು ಬಿಟ್ಟುಕೊಡುವಷ್ಟು ದೊಡ್ಡದೂ ಅಲ್ಲ ಎಂದು ನನ್ನ ಅಭಿಪ್ರಾಯ.

ಆದರೆ ಈ ಲೆಕ್ಕವೆಲ್ಲ ಯಾವ ಗೋಡೆಯ ಪಕ್ಕದಲ್ಲಿ ಮಲಗುತ್ತೀರಿ ಎನ್ನುವುದರ ಮೇಲೆ ನಿಂತಿದೆ. 2020ರ ಮಾರ್ಚ್ 18ರ ಬೆಳಿಗ್ಗೆ ಊರಿನ ಪಶ್ಚಿಮಕ್ಕಿರುವ ಮ್ಯಾಗ್ನಾ ಬಳಿ 5.7 ತೀವ್ರತೆಯ ಕಂಪನವಾಯಿತು. ಯಾರೂ ಸಾಯಲಿಲ್ಲ. ಮಾರ್ಮನ್ ಎಂಬ ಕ್ರೈಸ್ತ ಪಂಥದವರ, ಊರಿನ ಪ್ರಸಿದ್ಧ ದೇಗುಲದ ಶಿಖರದ ಮೇಲಿನ ಪ್ರತಿಮೆಯ ಕೈಯಿಂದ ಕಹಳೆ ಕಳಚಿ ಬಿತ್ತು, ವಿಮಾನ ನಿಲ್ದಾಣ ಕೆಲಕಾಲ ಮುಚ್ಚಿತು. ಕುಸಿದ ಗೋಡೆಗಳು ಹೆಚ್ಚಾಗಿ ಹಳೆಯ ಇಟ್ಟಿಗೆ ಕಟ್ಟಡಗಳವು. 7ರ ತೀವ್ರತೆಯ ಕಂಪನ ಅದರ ಸುಮಾರು 90 ಪಟ್ಟು ಶಕ್ತಿಯನ್ನು ಬಿಡುಗಡೆ ಮಾಡುತ್ತದೆ.

ಯೂಟಾದಲ್ಲಿ 1970ರ ದಶಕದ ನಡುವಿಗೂ ಮೊದಲು ಕಟ್ಟಿದ ಅನೇಕ ಮನೆಗಳಲ್ಲಿ ಇಟ್ಟಿಗೆಯೇ ಭಾರ ಹೊರುತ್ತದೆ, ಒಳಗೆ ಕಬ್ಬಿಣದ ಸರಳಿಲ್ಲ. ಇದನ್ನು ವಿಡಿಯೊದಲ್ಲಿಯೇ ಪತ್ತೆ ಹಚ್ಚಬಹುದು. ಮನೆಯ ಹೊರಗೋಡೆಯನ್ನು ಹತ್ತಿರದಿಂದ ತೋರಿಸುವಂತೆ ಕೇಳಿ, ಇಟ್ಟಿಗೆಯ ವರಸೆಗಳನ್ನು ಕೆಳಗಿನಿಂದ ಎಣಿಸುತ್ತ ಹೋಗಿ. ಐದಾರು ವರಸೆಗಳಲ್ಲಿ ಇಟ್ಟಿಗೆಯ ಉದ್ದನೆಯ ಮುಖ ಕಾಣುತ್ತ ಬಂದು, ಮುಂದಿನ ವರಸೆಯಲ್ಲಿ ಎಲ್ಲ ಇಟ್ಟಿಗೆಗಳೂ ಗಿಡ್ಡ ಮುಖವನ್ನು ಹೊರಗೆ ಮಾಡಿ ಕುಳಿತಿದ್ದರೆ, ಆ ಗೋಡೆ ಎರಡು ಪದರದ ಇಟ್ಟಿಗೆಯನ್ನು ಒಂದಕ್ಕೊಂದು ಹೆಣೆದು ಕಟ್ಟಿದ್ದು, ಸರಳಿಲ್ಲದ್ದು ಎಂದೇ ತಿಳಿಯಬೇಕು. ಎಲ್ಲ ವರಸೆಗಳಲ್ಲಿಯೂ ಉದ್ದನೆಯ ಮುಖವೇ ಇದ್ದು ಮನೆ ಈಚಿನದಾಗಿದ್ದರೆ, ಸಾಮಾನ್ಯವಾಗಿ ಮರದ ಚೌಕಟ್ಟಿನ ಮೇಲೆ ಅಂದಕ್ಕೆ ಹಚ್ಚಿದ ಇಟ್ಟಿಗೆ ಅದು. ಮೊದಲನೆಯ ಬಗೆಯದಾದರೆ, ಛಾವಣಿಯನ್ನೂ ಗೋಡೆಯನ್ನೂ ಬಿಗಿದು ಕಟ್ಟಿ ಬಲಪಡಿಸಲಾಗಿದೆಯೇ, ಹೊಗೆಗೊಳವೆಗೆ ಆಧಾರ ಕೊಡಲಾಗಿದೆಯೇ ಎಂದು ಮಾಲೀಕರನ್ನು ಕೇಳಬೇಕು. ಈ ಕೆಲಸಕ್ಕೆ ನಗರಾಡಳಿತದ ನೆರವಿನ ಯೋಜನೆಯೇ ಇದೆಯಾದ್ದರಿಂದ ಪ್ರಶ್ನೆ ಅವರಿಗೆ ವಿಚಿತ್ರವೆನಿಸದು. ಬಲಪಡಿಸಿಲ್ಲವೆಂದರೆ ಆ ಮನೆ ಬೇಡ. ಎಷ್ಟೇ ಚೆಂದವಿರಲಿ, ಬಾಡಿಗೆ ಎಷ್ಟೇ ಕಡಿಮೆಯಿರಲಿ.

ಯಾವ ಬಡಾವಣೆ ಎನ್ನುವಲ್ಲಿ ಮಾತ್ರ ನಿಜವಾದ ಇಕ್ಕಟ್ಟಿದೆ. ಪೂರ್ವದ ಏರುದಿಬ್ಬದಲ್ಲಿ ಚಳಿಗಾಲದ ಹೊಗೆ ತಳಕ್ಕಿಂತ ತುಸು ಕಡಿಮೆ, ನೆಲ ಗಟ್ಟಿ. ಆದರೆ ಬಿರುಕು ಹಾದುಹೋಗುವುದೂ ಅಲ್ಲಿಯೇ. ಜೋರ್ಡನ್ ಹೊಳೆಯ ಆಚೀಚಿನ ತಗ್ಗಿನಲ್ಲಿ ಹೊಗೆ ಹೆಚ್ಚು, ಪುರಾತನ ಸರೋವರವೊಂದರ ಮೆತ್ತನೆಯ ಮೆಕ್ಕಲು ನೆಲವಾದ್ದರಿಂದ ಕಂಪನದಲ್ಲಿ ಒದ್ದೆ ಮರಳು ನೀರಿನಂತೆ ಹರಿದು ಅಡಿಪಾಯ ಕುಸಿಯುವ ಅಪಾಯವೂ ಇದೆ. ಬಿರುಕಿನ ಗೆರೆ, ಹೀಗೆ ನೆಲ ಕುಸಿಯಬಹುದಾದ ಜಾಗ ಎರಡನ್ನೂ ಬೀದಿ ಬೀದಿಯಾಗಿ ತೋರಿಸುವ ನಕ್ಷೆಗಳನ್ನು ಯೂಟಾ ಭೂವೈಜ್ಞಾನಿಕ ಇಲಾಖೆ ಸಾರ್ವಜನಿಕರಿಗೆ ತೆರೆದಿಟ್ಟಿದೆ. ಉಬ್ಬಸವಿರುವ ಮಗುವಿಗಾಗಿ ನಾನಾದರೆ ದಿಬ್ಬದ ಕಡೆಯ ಈಚಿನ ಮನೆಯನ್ನು, ಬಿರುಕಿನ ಗೆರೆಯಿಂದ ಸರಿದಿರುವುದನ್ನು ನಕ್ಷೆಯಲ್ಲಿ ಖಚಿತಪಡಿಸಿಕೊಂಡು, ಹಿಡಿಯುತ್ತೇನೆ. ಬಾಡಿಗೆದಾರರ ಸಾಮಾನ್ಯ ವಿಮೆ ಅಲ್ಲಿ ಭೂಕಂಪದ ನಷ್ಟವನ್ನು ಕೊಡುವುದಿಲ್ಲ, ಅದಕ್ಕೆ ಬೇರೆಯಾಗಿ ಹಣ ಕಟ್ಟಬೇಕು.

ಪ್ರಶ್ನೆ: ನಮ್ಮ ತಂದೆ ಕೆಜಿಎಫ್ ಗಣಿಯಲ್ಲಿದ್ದವರು. ಗಣಿಯೊಳಗೆ ಬಂಡೆ ಸಿಡಿದು ರಾಕ್ ಬರ್ಸ್ಟ್ ಆದಾಗಲೆಲ್ಲ ಮನೆ ನಡುಗುತ್ತಿತ್ತು, ಪಾತ್ರೆಗಳು ಬೀಳುತ್ತಿದ್ದವು, ನಾವು ಅಂಗಳಕ್ಕೆ ಓಡಿ ನಿಲ್ಲುತ್ತಿದ್ದೆವು. ಅದರಲ್ಲಿಯೇ ಬೆಳೆದ ನಮಗೆ ಭೂಕಂಪದ ಊರಿಗೆ ಹೋಗಲು ಭಯವೇಕೆ?
– ರಾಬರ್ಟ್‌ಸನ್‌ಪೇಟೆಯ ಓದುಗರು

ಉತ್ತರ: ನಿಮ್ಮ ಧೈರ್ಯ ಮೆಚ್ಚತಕ್ಕದ್ದು, ಆದರೆ ಆ ಅನುಭವವನ್ನು ಹಾಗೆಯೇ ಕೊಂಡೊಯ್ಯಬೇಡಿ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಹೋಗಿತ್ತು. ಅದಿರು ತೆಗೆದ ಜಾಗದ ಸುತ್ತಲಿನ ಬಂಡೆಯ ಮೇಲೆ ಒತ್ತಡ ಕೂಡಿಕೊಂಡು ಅದು ಒಮ್ಮೆಲೇ ಸಿಡಿಯುತ್ತಿತ್ತು. ಸಿಡಿಯುವ ಜಾಗ ಚಿಕ್ಕದು, ನಡುಕ ಕೆಲವೇ ಕ್ಷಣಗಳದು. ದೊಡ್ಡ ಭ್ರಂಶ ಜಾರುವಾಗ ಹತ್ತಾರು ಕಿಲೋಮೀಟರ್ ಉದ್ದದ ಬಂಡೆ ಒಟ್ಟಿಗೆ ಸರಿಯುತ್ತದೆ, ನೆಲ ಅರ್ಧ ನಿಮಿಷ ಅಥವಾ ಅದಕ್ಕೂ ಹೆಚ್ಚು ಅಲುಗಾಡಬಹುದು, ಮೆತ್ತನೆಯ ನೆಲದಲ್ಲಿ ಇನ್ನೂ ಹೆಚ್ಚು.

ಅಂಗಳಕ್ಕೆ ಓಡುವ ಅಭ್ಯಾಸವನ್ನಂತೂ ಮರೆಯಲೇಬೇಕು. ತಗ್ಗಿನ ಹಗುರ ಛಾವಣಿಯ ಮನೆಯಿಂದ ಎರಡು ಹೆಜ್ಜೆಗೆ ಬಯಲು ಸಿಕ್ಕುವ ಕಡೆ ಅದು ನಡೆಯಿತು. ಎರಡು ಮೂರು ಅಂತಸ್ತಿನ ಊರಿನಲ್ಲಿ ಬಾಗಿಲ ಹೊರಗಿನ ಮೊದಲ ಹತ್ತು ಅಡಿಯೇ ಅಪಾಯದ ಜಾಗ: ಛಾವಣಿಯಂಚಿನ ಕೈಪಿಡಿ ಗೋಡೆ, ಹೊಗೆಗೊಳವೆ, ಗಾಜು ಎಲ್ಲ ಬೀಳುವುದು ಅಲ್ಲಿಗೇ. ನಡುಗುವಾಗ ಗಟ್ಟಿ ಮೇಜಿನ ಕೆಳಗೆ ಮಂಡಿಯೂರಿ ಕುಳಿತು, ತಲೆ ಮುಚ್ಚಿಕೊಂಡು, ಮೇಜಿನ ಕಾಲು ಹಿಡಿದುಕೊಳ್ಳಬೇಕು; ನಡುಕ ನಿಂತ ಮೇಲೆ ಹೊರಬರಬೇಕು. ಯೂಟಾದಲ್ಲಿ ಪ್ರತಿವರ್ಷ ಏಪ್ರಿಲಿನಲ್ಲಿ ಶಾಲೆ ಕಚೇರಿಗಳೆಲ್ಲ ಒಟ್ಟಿಗೆ ಇದನ್ನು ಅಭ್ಯಾಸ ಮಾಡುತ್ತವೆ.

ಪ್ರಶ್ನೆ: ಮಗಳಿಗೆ ಕಜಕಸ್ತಾನದ ಅಲ್ಮಾಟಿಯಲ್ಲಿ ವೈದ್ಯಕೀಯ ಸೀಟು ಸಿಕ್ಕಿದೆ. ಅಲ್ಲಿಯೂ ಬೆಟ್ಟ, ಹಿಮ, ಭೂಕಂಪ ಎನ್ನುತ್ತಾರೆ. ಹಾಸ್ಟೆಲ್ ವಿಷಯದಲ್ಲಿ ಏನು ಕೇಳಬೇಕು?
– ರೇಷ್ಮೆ ಬೆಳೆಗಾರರು, ಮುಳಬಾಗಿಲು

ಉತ್ತರ: ಅಲ್ಮಾಟಿಯ ಚರಿತ್ರೆ ಸಾಲ್ಟ್ ಲೇಕ್ ಸಿಟಿಗಿಂತ ಕಠಿಣವಾದದ್ದು. 1887ರ ಭೂಕಂಪ ಅಂದಿನ ಇಟ್ಟಿಗೆಯ ಊರನ್ನು ಬಹುಮಟ್ಟಿಗೆ ನೆಲಸಮ ಮಾಡಿತು, 1911ರಲ್ಲಿ ಮತ್ತೊಂದು ದೊಡ್ಡದು ಬಂತು. ಇವೆರಡರ ನಡುವೆ, 1907ರಲ್ಲಿ ಮರದಿಂದ ಕಟ್ಟಿ ಮುಗಿಸಿದ ಅಲ್ಲಿನ ಇಗರ್ಜಿ 1911ರ ಕಂಪನವನ್ನು ತಾಳಿಕೊಂಡು ಇಂದಿಗೂ ನಿಂತಿದೆ. 2024ರ ಜನವರಿಯಲ್ಲಿ ಚೀನಾದ ಗಡಿಯೊಳಗೆ 7ರ ತೀವ್ರತೆಯ ಭೂಕಂಪವಾದಾಗ ಅಲ್ಮಾಟಿಯ ಜನ ನಡುರಾತ್ರಿ ಕೊರೆಯುವ ಚಳಿಯಲ್ಲಿ ಬೀದಿಗೆ ಬಂದು ನಿಂತಿದ್ದರು.

ಆದ್ದರಿಂದ ಹಾಸ್ಟೆಲ್ ಕಟ್ಟಡ ಯಾವ ವರ್ಷದ್ದು, ಭೂಕಂಪ ನಿರೋಧಕ ತಪಾಸಣೆ ಆಗಿದೆಯೇ, ಎಷ್ಟನೆಯ ಮಹಡಿ, ಮೆಟ್ಟಿಲು ಎಷ್ಟು ಕಡೆ ಇವೆ, ರಾತ್ರಿ ಹೊರಬಾಗಿಲಿಗೆ ಬೀಗ ಹಾಕುತ್ತಾರೆಯೇ ಎಂದು ಬರಹದಲ್ಲಿ ಕೇಳಿ. ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಏಜೆಂಟರಂತೂ ತಾವಾಗಿ ಹೇಳುವುದೇ ಇಲ್ಲ. ದಪ್ಪ ಕೋಟು, ಬೂಟು, ಪಾಸ್‌ಪೋರ್ಟಿನ ಪ್ರತಿ, ಟಾರ್ಚ್ ಇವನ್ನು ಹಾಸಿಗೆಯ ಪಕ್ಕದ ಒಂದೇ ಚೀಲದಲ್ಲಿ ಇಟ್ಟುಕೊಳ್ಳಲು ಮಗಳಿಗೆ ಹೇಳಿ. ಕೋಟಿಲ್ಲದೆ ಹೊರಬಂದರೆ ಅಲ್ಲಿನ ಜನವರಿಯ ಚಳಿಯೇ ಎರಡನೆಯ ಆಪತ್ತು.

ಇನ್ನೊಂದು ಆಪತ್ತು ನಮ್ಮ ಕಡೆಯವರ ಊಹೆಗೆ ಬಾರದ್ದು. ಬೇಸಿಗೆಯ ಬಿಸಿಲಿಗೆ ಮೇಲಿನ ಹಿಮನದಿಗಳ ಕೆರೆಗಳು ಒಡೆದು, ಇಲ್ಲವೇ ಜೋರು ಮಳೆ ಸುರಿದು, ಕೆಸರು ಬಂಡೆಗಳ ಪ್ರವಾಹ ಕಣಿವೆಯಲ್ಲಿ ಇಳಿದು ಬರುತ್ತದೆ. 1921ರಲ್ಲಿ ಅಂಥದೊಂದು ಊರೊಳಗೇ ನುಗ್ಗಿ ನೂರಾರು ಜನ ಸತ್ತರು. ಆಮೇಲೆ 1966ರಲ್ಲಿ ಬೆಟ್ಟವನ್ನೇ ಸಿಡಿಸಿ ಊರಿನ ಮೇಲ್ಗಡೆಯ ಮೆಡೆಯೊ ಎಂಬಲ್ಲಿ ಅಡ್ಡಗಟ್ಟೆ ಹಾಕಿದರು, 1973ರ ಜುಲೈನ ಪ್ರವಾಹವನ್ನು ಅದು ತಡೆಯಿತು. ಜೂನ್–ಜುಲೈಯಲ್ಲಿ ಗೆಳತಿಯರೊಂದಿಗೆ ಬೆಟ್ಟದ ಹೊಳೆಯ ದಂಡೆಯಲ್ಲಿ ಡೇರೆ ಹಾಕುವುದು ಬೇಡ. ಚಳಿಗಾಲದ ಕಲ್ಲಿದ್ದಲ ಹೊಗೆಯ ಬಗ್ಗೆ ಮೇಲಿನ ಮೊದಲ ಉತ್ತರದಲ್ಲಿ ಹೊಗೆಯ ಕುರಿತು ಹೇಳಿದ್ದನ್ನೇ ನೋಡಿ.

ಪ್ರಶ್ನೆ: ಮಗಳು ಅಳಿಯ ಸಾಲ್ಟ್ ಲೇಕ್ ಸಿಟಿಯಲ್ಲಿದ್ದಾರೆ. ನಮ್ಮ ಮಾವಿನ ಕೊಯ್ಲು ಮುಗಿಸಿ ಹೋಗಬೇಕೆಂದಿದ್ದೇವೆ. ಯಜಮಾನರಿಗೆ ಹೃದಯದ ತೊಂದರೆ ಇದೆ. ಯಾವ ತಿಂಗಳು ಒಳ್ಳೆಯದು?
– ಗೃಹಿಣಿ, ಶ್ರೀನಿವಾಸಪುರ

ಉತ್ತರ: ಸೆಪ್ಟೆಂಬರ್ ಮೊದಲ ವಾರ ಹೊರಟು ನವೆಂಬರ್ ಕೊನೆಗೆ ಹಿಂದಿರುಗಿ. ಜುಲೈ–ಆಗಸ್ಟಿನಲ್ಲಿ ಅಲ್ಲಿ 35 ಡಿಗ್ರಿ ದಾಟುವ ಒಣ ಬಿಸಿಲು, ಡಿಸೆಂಬರಿನಿಂದ ಹೊಗೆ. ಗಾಳಿಯಲ್ಲಿ ತೇವ ಕಡಿಮೆಯಾದ್ದರಿಂದ ಮೂಗಿನೊಳಗೆ ಒಣಗಿ ರಕ್ತ ಬರುವುದುಂಟು, ಗಾಬರಿಯಾಗಬೇಡಿ. ಊರಿನ ಎತ್ತರ ಸಾಮಾನ್ಯವಾಗಿ ಹೃದಯಕ್ಕೆ ಭಾರವಾಗುವಂಥದ್ದಲ್ಲ. ಆದರೆ ಮಕ್ಕಳು ಪ್ರೀತಿಯಿಂದ ಸ್ನೋಬರ್ಡ್ ಎಂಬಲ್ಲಿನ ತೂಗುಪೆಟ್ಟಿಗೆಯಲ್ಲಿ (ಕೇಬಲ್ ಕಾರ್) ಕೂರಿಸಿ ಬೆಟ್ಟದ ನೆತ್ತಿಗೆ ಕರೆದೊಯ್ಯುತ್ತಾರೆ. ಕೆಲವೇ ನಿಮಿಷಗಳಲ್ಲಿ ಅದು 3,300 ಮೀಟರಿಗೂ ಮೇಲೆ ತಲುಪಿಸುತ್ತದೆ. ಯಜಮಾನರು ಅದನ್ನು ಹತ್ತಬಹುದೇ ಎಂದು ಹೃದ್ರೋಗ ವೈದ್ಯರನ್ನು ಇಲ್ಲಿಯೇ ಕೇಳಿಕೊಂಡು ಹೋಗಿ, ಬೇಡವೆಂದರೆ ಕೆಳಗಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕೂರಲಿ.