ಚಾವಡಿಯಲ್ಲಿ ಗುಂಯ್‌ಗುಡುವ ಸಬ್‌ವೂಫರ್

ಪ್ರಶ್ನೆ: ನಮ್ಮ ಚಾವಡಿ 14 ಅಡಿ ಉದ್ದ, 11 ಅಡಿ ಅಗಲ. ತಾಳಮದ್ದಳೆಯ ಧ್ವನಿಮುದ್ರಣಗಳನ್ನೂ ಸಿನಿಮಾಗಳನ್ನೂ ಕೇಳಲು ದೊಡ್ಡ ಸ್ಪೀಕರುಗಳನ್ನು ಕೊಳ್ಳಲೇ, ಸಣ್ಣ ಜೋಡಿಯೊಂದಿಗೆ ಮಂದ್ರ ಸದ್ದಿಗೆಂದೇ ಇರುವ ಸಬ್‌ವೂಫರ್ ಇಡಲೇ? ಅಂಗಡಿಯಲ್ಲಿ ಚೆನ್ನಾಗಿ ಕೇಳಿಸಿದ ಸಬ್‌ವೂಫರ್, ಪರೀಕ್ಷೆಗೆಂದು ಮನೆಗೆ ತಂದಾಗ ಮೂಲೆಯಲ್ಲಿ ಕುಳಿತು ಬರೀ ಗುಂಯ್‌ಗುಟ್ಟಿತು.
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಸಣ್ಣ ಜೋಡಿಯೇ ಸಾಕು. ಆದರೆ ಹಣದ ದೊಡ್ಡ ಪಾಲು ಅದಕ್ಕೇ ಸಲ್ಲಲಿ. ಭಾಗವತರ ಕಂಠ, ಅರ್ಥಧಾರಿಗಳ ಮಾತು, ಚೆಂಡೆಯ ಪೆಟ್ಟು ಇವೆಲ್ಲ ಬಹುಪಾಲು 100 ಹರ್ಟ್ಸಿಗಿಂತ (ಸೆಕೆಂಡಿಗೆ 100 ಕಂಪನಗಳಿಗಿಂತ) ಮೇಲಿನವಾದ್ದರಿಂದ ಅವುಗಳನ್ನು ನುಡಿಸುವುದು ಸ್ಪೀಕರುಗಳೇ ಹೊರತು ಸಬ್‌ವೂಫರ್ ಅಲ್ಲ. ಅದರ ಅಗತ್ಯ ಮುಖ್ಯವಾಗಿ ನಿಮ್ಮ ಸಿನಿಮಾಗಳಿಗೆ.

ಗುಂಯ್‌ಗುಡುವುದಕ್ಕೆ ಪೆಟ್ಟಿಗೆಗಿಂತ ಕೋಣೆಯೇ ಹೆಚ್ಚು ಕಾರಣವಿರಬೇಕು. 14 ಅಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 40 ಹರ್ಟ್ಸಿನ ಸ್ವರವು ಹಿಂದೆಮುಂದೆ ಚಲಿಸಿ ಉಬ್ಬುತ್ತದೆ, ಮೂಲೆಯಲ್ಲಿಟ್ಟ ಸಬ್‌ವೂಫರ್ ಆ ಉಬ್ಬನ್ನು ಇನ್ನಷ್ಟು ಕೆರಳಿಸುತ್ತದೆ. ದಪ್ಪ ಪರದೆಯಿಂದ ಇದು ತಗ್ಗದು. ನೀವು ಕೂರುವ ಕುರ್ಚಿಯ ಮೇಲೆ ಸಬ್‌ವೂಫರನ್ನಿಟ್ಟು, ಮಂದ್ರ ಸ್ವರವಿರುವ ಹಾಡೊಂದನ್ನು ಹಚ್ಚಿ, ಗೋಡೆಯಂಚಿನಲ್ಲಿ ಮಂಡಿಯೂರಿ ಸಾಗುತ್ತ ಆಲಿಸಿರಿ (ಮನೆಯವರು ನಕ್ಕರೆ ನಗಲಿ); ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುವ ಜಾಗವೇ ಅದನ್ನು ಇಡತಕ್ಕ ಸ್ಥಳ. ಬಳಿಕ ಕ್ರಾಸ್‌ಓವರನ್ನು, ಅಂದರೆ ಸ್ಪೀಕರುಗಳ ಪಾಲಿನ ಸದ್ದು ಮುಗಿದು ಸಬ್‌ವೂಫರಿನದು ತೊಡಗುವ ಗಡಿಯನ್ನು, 80 ಹರ್ಟ್ಸಿನ ಆಸುಪಾಸಿಗೆ ತನ್ನಿರಿ. ಅದಕ್ಕಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬಂತೆಂದು ಕಿವಿ ಸುಲಭವಾಗಿ ಗುರುತಿಸದು. ಸಬ್‌ವೂಫರಿನ ಧ್ವನಿಮಟ್ಟವನ್ನು ಮಾತ್ರ, ಅದು ಇದೆಯೆಂಬುದೇ ಮರೆಯುವಷ್ಟು ತಗ್ಗಿಸಿಡಿರಿ.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿದ ವಾಟ್ ಅಂಕಿಗೆ ಮರುಳಾಗಬೇಡಿರಿ. ಅಂಗಡಿಗೆ ಹೋಗುವಾಗ ನಿಮಗೆ ಕಂಠಪಾಠವಾಗಿರುವ ಪ್ರಸಂಗವೊಂದರ ಧ್ವನಿಮುದ್ರಣವನ್ನೇ ಒಯ್ದು, ಅದನ್ನೇ ನುಡಿಸಿ ಕೇಳಿರಿ.