ಹಳೆಯ ಸ್ಪ್ಲೆಂಡರ್‌ಗೆ ಕಡಿಮೆ ರೊಕ್ಕದ ಎಂಜಿನ್ ಆಯಿಲ್ ಯಾವುದು?

ನೀವು ಕೇಳಿದ್ದು ಇಷ್ಟು: ಹತ್ತು ವರ್ಷ ದಾಟಿದ ಸ್ಪ್ಲೆಂಡರ್ ಇದೆ, ದಿನಾ ಆಳಂದದಿಂದ ಕಲಬುರಗಿಗೆ ಹೋಗಿ ಬರುತ್ತೀರಿ. ಅಗ್ಗದ ಆಯಿಲ್ ಯಾವುದು, ಮನೆಯಲ್ಲಿ ಉಳಿದ ಕಾರಿನ ಆಯಿಲ್ ನಡೆಯುತ್ತದಾ, ಹೆಂಡತಿಯ ಸ್ಕೂಟಿಗೂ ಅದೇ ಡಬ್ಬಿ ಸಾಕಾ?

ಕಾರಿನ ಆಯಿಲ್ ಮಾತು ಮೊದಲು ಮುಗಿಸೋಣ. ಬೇಡ್ರಿ. ನಾನು ಇದನ್ನು ರೊಕ್ಕ ಕೊಟ್ಟು ಕಲಿತವನು.

ಭಾವನ ಕಾರಿಗೆ ಹಾಕಿ ಒಂದು ಲೀಟರ್ ಉಳಿದಿತ್ತು. 5ಡಬ್ಲ್ಯು30, ಒಳ್ಳೆಯ ದುಬಾರಿ ಆಯಿಲ್. ಕಾರಿಗೇ ಆಗುವುದು ನನ್ನ ನೂರು ಸಿಸಿ ಗಾಡಿಗೆ ಆಗೋದಿಲ್ವಾ ಅಂತ ಸುರಿದೆ. ಮೊದಲ ವಾರ ಗಾಡಿ ಬೆಣ್ಣೆಯ ಹಾಗೆ ಓಡಿತು. ಗೆಳೆಯರಿಗೂ ಹೇಳಿಕೊಂಡು ಬಂದೆ. ಆಮೇಲೆ ಒಂದು ದಿನ ಹಿಂದೆ ತಮ್ಮ, ನಡುವೆ ಅರ್ಧ ಚೀಲ ಜೋಳ ಇಟ್ಟುಕೊಂಡು ಮೇಲ್ಸೇತುವೆ ಏರುತ್ತಿದ್ದೆ. ಎಂಜಿನ್ ಜೋರಾಗಿ ಕೂಗುತ್ತಿದೆ, ಗಾಡಿ ಮಾತ್ರ ಮುಂದೆ ಹೋಗುತ್ತಿಲ್ಲ. ತಮ್ಮನನ್ನು ಇಳಿಸಿ ನಡೆಸಿದೆ. ಅವನು ನನಗಿಂತ ಮೊದಲು ಮೇಲೆ ಮುಟ್ಟಿದ.

ಮಿಸ್ತ್ರಿ ಹತ್ತಿರ ಹೋದರೆ ಅವರು ಗಾಡಿ ಮುಟ್ಟುವ ಮೊದಲೇ ಕೇಳಿದರು, "ಯಾವ ಆಯಿಲ್ ಹಾಕೀರಿ?" ಕ್ಲಚ್ ಪ್ಲೇಟು, ಕೂಲಿ, ಹೊಸ ಆಯಿಲ್ ಎಲ್ಲ ಸೇರಿ ಸಾವಿರದ ಮೇಲೆ ಹೋಯಿತು. ಪುಕ್ಕಟೆ ಆಯಿಲ್‌ನ ಬೆಲೆ ಅದು.

ಕಾರಣ ಸರಳ. ಕಾರಿನಲ್ಲಿ ಎಂಜಿನ್‌ಗೆ ಒಂದು ಆಯಿಲ್, ಗೇರ್ ಬಾಕ್ಸ್‌ಗೆ ಇನ್ನೊಂದು. ಕ್ಲಚ್ ಸಾಮಾನ್ಯವಾಗಿ ಒಣ ಜಾಗದಲ್ಲಿ ಇರುತ್ತದೆ. ನಮ್ಮ ಸ್ಪ್ಲೆಂಡರ್‌ನಲ್ಲಿ ಎಂಜಿನ್, ಗೇರ್, ಕ್ಲಚ್ ಮೂರೂ ಅದೇ 900 ಮಿ.ಲೀ. ಆಯಿಲ್‌ನಲ್ಲಿ ಮುಳುಗಿ ಕೆಲಸ ಮಾಡುತ್ತವೆ. ಮೈಲೇಜ್ ಜಾಸ್ತಿ ಆಗಲಿ ಅಂತ ಕಾರಿನ ಆಯಿಲ್‌ನಲ್ಲಿ ಉಜ್ಜಾಟ ತಗ್ಗಿಸುವ ಮದ್ದು ಸೇರಿಸಿರುತ್ತಾರೆ. ಕ್ಲಚ್ ಪ್ಲೇಟ್‌ಗೆ ಬೇಕಾಗಿರುವುದೇ ಆ ಉಜ್ಜಾಟ. ಅದು ಹೋದರೆ ಪ್ಲೇಟು ಹಿಡಿಯುವುದಿಲ್ಲ, ಜಾರುತ್ತದೆ.

ಹಾಗಾಗಿ ಡಬ್ಬಿ ಕೈಗೆ ತೆಗೆದುಕೊಂಡಾಗ ಕಂಪನಿ ಹೆಸರಿಗಿಂತ ಮೊದಲು ಹಿಂಬದಿ ನೋಡಿ. 'ಜಾಸೊ ಎಂಎ' ಅಥವಾ 'ಎಂಎ2' ಅಂತ ಇರಬೇಕು. ಇದು ಜಪಾನಿನ ಅಳತೆ, 1998ರಿಂದ ಇದೆ. ಆಯಿಲ್‌ನಲ್ಲಿ ಮುಳುಗಿದ ಕ್ಲಚ್‌ಗೆ ಈ ಆಯಿಲ್ ಆಗುತ್ತದೆ ಅನ್ನುವ ಗುರುತು. ನಮ್ಮ ಕಡೆ ಹಳ್ಳಿಗಳಲ್ಲಿ ಟ್ರ್ಯಾಕ್ಟರಿನ 15ಡಬ್ಲ್ಯು40 ಆಯಿಲನ್ನೇ ಗಾಡಿಗೆ ಹಾಕುವವರು ಬಹಳ ಜನ ಇದ್ದಾರೆ. ಅವರ ಗಾಡಿ ಓಡುತ್ತಲೂ ಇವೆ, ಸುಳ್ಳು ಹೇಳುವುದಿಲ್ಲ. ಆದರೆ ಅಂಥ ಡಬ್ಬಿಗಳ ಮೇಲೆ ಸಾಮಾನ್ಯವಾಗಿ ಈ ಗುರುತು ಇರುವುದಿಲ್ಲ. ಕ್ಲಚ್ ಜಾರಿದರೆ ಹೊಣೆ ನಿಮ್ಮದೇ.

ಎರಡನೆಯದು ಗ್ರೇಡ್, ಅಂದರೆ ಆಯಿಲ್ ಎಷ್ಟು ತೆಳು, ಎಷ್ಟು ದಪ್ಪ ಅಂತ ಹೇಳುವ ಅಂಕಿ. ಸ್ಪ್ಲೆಂಡರ್‌ಗೆ ಕಂಪನಿ ಹೇಳುವುದು 10ಡಬ್ಲ್ಯು30. ಇಲ್ಲಿ ನಿಮಗೆ ಒಬ್ಬರಾದರೂ ಹೇಳಿಯೇ ಹೇಳುತ್ತಾರೆ: "ಕಲಬುರಗಿ ಬಿಸಿಲ್ರೀ ಇದು, ಇಷ್ಟು ತೆಳು ಆಯಿಲ್ ನೀರಾಗಿ ಹೋಗ್ತದ, 20ಡಬ್ಲ್ಯು50 ಹಾಕಿ." ಮೇ ತಿಂಗಳಲ್ಲಿ ನಮ್ಮ ಊರು 43, 44 ಡಿಗ್ರಿ ಮುಟ್ಟುವುದು ನಿಜ. ಆದರೆ ಆ ಎರಡನೆಯ ಅಂಕಿ ಇದೆಯಲ್ಲ, 30, ಅದನ್ನು ಅಳೆಯುವುದೇ 100 ಡಿಗ್ರಿ ಬಿಸಿಯಲ್ಲಿ. ಎಂಜಿನ್ ಒಳಗಿನ ಬಿಸಿಯ ಮುಂದೆ ನಮ್ಮ ಬಿಸಿಲು ಏನೂ ಅಲ್ಲ. ಕಂಪನಿಯವರು ಗಾಳಿಯಿಂದಲೇ ತಣ್ಣಗಾಗುವ ಈ ಎಂಜಿನ್‌ಗೆ ಆ ಲೆಕ್ಕ ಹಾಕಿಯೇ ಬರೆದಿದ್ದಾರೆ. ಸುಮ್ನೆ ದಪ್ಪ ಆಯಿಲ್ ಹಾಕಿದರೆ ಎಂಜಿನ್ ಅದನ್ನು ದೂಡಿಕೊಂಡು ತಿರುಗಬೇಕು, ಮೈಲೇಜ್ ಇಳಿಯುತ್ತದೆ. ಬೆಳಿಗ್ಗೆ ಕಿಕ್ ಹೊಡೆದಾಗ ಆಯಿಲ್ ಎಂಜಿನ್‌ನ ಮೇಲಿನ ಭಾಗಕ್ಕೆ ಮುಟ್ಟುವುದೂ ತಡ.

ಗಾಡಿ ನೀಲಿ ಹೊಗೆ ಬಿಡುತ್ತಿದ್ದರೆ, ಆಯಿಲ್ ಕುಡಿಯುತ್ತಿದ್ದರೆ ಮಿಸ್ತ್ರಿಗಳು 20ಡಬ್ಲ್ಯು40 ಹಾಕಿ ದಿನ ದೂಡುತ್ತಾರೆ. ಅದು ಸವೆದ ಪಿಸ್ಟನ್ ರಿಂಗ್ ಬದಲಿಸುವ ಖರ್ಚನ್ನು ಸ್ವಲ್ಪ ಮುಂದೆ ಹಾಕುವುದು, ಅಷ್ಟೇ.

ಈಗ ರೊಕ್ಕದ ಮಾತು. ನಿಮ್ಮ ಓಡಾಟ ದಿನಕ್ಕೆ ಹೆಚ್ಚು ಕಡಿಮೆ 80 ಕಿ.ಮೀ. ತಿಂಗಳಿಗೆ 25 ದಿನ ಅಂದರೆ 2,000 ಕಿ.ಮೀ., ವರ್ಷಕ್ಕೆ 24,000. ಲೀಟರಿಗೆ 60 ಕಿ.ಮೀ. ಬಂದರೂ 400 ಲೀಟರ್ ಪೆಟ್ರೋಲ್. ನೂರು ದಾಟಿರುವ ದರದಲ್ಲಿ 40,000ಕ್ಕೂ ಜಾಸ್ತಿ. ಆಯಿಲ್ ಅನ್ನು 3,000 ಕಿ.ಮೀ.ಗೊಮ್ಮೆ ಬದಲಿಸಿದರೆ ವರ್ಷಕ್ಕೆ ಎಂಟು ಡಬ್ಬಿ. ನಾನು ಒಂದಕ್ಕೆ 350ರಿಂದ 400 ರೂಪಾಯಿ ಕೊಡುತ್ತೇನೆ, ಅಂದರೆ ವರ್ಷಕ್ಕೆ 3,000ದ ಆಸುಪಾಸು. ಡಬ್ಬಿಗೆ 60 ರೂಪಾಯಿ ಉಳಿಸಿದರೆ ವರ್ಷಕ್ಕೆ 480 ಉಳಿಯಿತು. ಸಣ್ಣ ಮೊತ್ತವಲ್ಲ, ಒಪ್ಪುತ್ತೇನೆ. ಆದರೆ ಟೈರಿನ ಗಾಳಿ ಸರಿ ಇಟ್ಟುಕೊಂಡು ಲೀಟರಿಗೆ ಎರಡು ಕಿ.ಮೀ. ಜಾಸ್ತಿ ತೆಗೆದರೆ ಅದರ ಎರಡೂವರೆ ಪಟ್ಟಿಗೂ ಜಾಸ್ತಿ ಉಳಿಯುತ್ತದೆ.

ಅಗ್ಗ ಅಂದರೆ ನಾನು ತೆಗೆದುಕೊಳ್ಳುವುದು ಸರ್ಕಾರಿ ಕಂಪನಿಗಳ ಮಿನರಲ್ ಆಯಿಲ್, ಅಂದರೆ ಕಚ್ಚಾ ತೈಲದಿಂದ ತೆಗೆದ ಸಾದಾ ಆಯಿಲ್. ಇಂಡಿಯನ್ ಆಯಿಲ್‌ನ ಸರ್ವೋ, ಎಚ್‌ಪಿಯ ರೇಸರ್, ಭಾರತ್ ಪೆಟ್ರೋಲಿಯಂನ ಮ್ಯಾಕ್. ಮೂರರಲ್ಲೂ '4ಟಿ', ಅಂದರೆ ನಾಲ್ಕು ಸ್ಟ್ರೋಕ್ ಗಾಡಿಯ ಆಯಿಲ್ ಇದೆ. ಗ್ರೇಡು, ಜಾಸೊ ಗುರುತು ನೋಡಿ ಅವರವರ ಪಂಪಿನಲ್ಲೇ ತೆಗೆದುಕೊಳ್ಳಿ. '2ಟಿ' ಡಬ್ಬಿ ತೆಗೆದುಕೊಂಡು ಬರಬೇಡಿ, ಅದು ಹಳೆಯ ಆರ್‌ಎಕ್ಸ್ 100, ಲೂನಾ ಥರದ ಎರಡು ಸ್ಟ್ರೋಕ್ ಗಾಡಿಗಳಲ್ಲಿ ಪೆಟ್ರೋಲಿನ ಜೊತೆ ಸುಡುವ ಆಯಿಲ್. ಹೀರೋ ಹೆಸರಿನ 900 ಮಿ.ಲೀ. ಡಬ್ಬಿಯೂ ಸಿಗುತ್ತದೆ. ಅಳತೆ ಸರಿಯಾಗಿ ಕೂಡುತ್ತದೆ, ಉಳಿಸಿ ಇಡುವ ಗೋಜಿಲ್ಲ. ಫುಲ್ ಸಿಂಥೆಟಿಕ್, ಅಂದರೆ ಕಾರ್ಖಾನೆಯಲ್ಲಿ ತಯಾರಿಸಿದ ದುಬಾರಿ ಆಯಿಲ್, ಒಳ್ಳೆಯದೇ. ಆದರೆ ಈ ಎಂಜಿನ್‌ಗೆ ಹಾಕಿ ಅದನ್ನೂ 3,000ಕ್ಕೇ ಚೆಲ್ಲುವುದಾದರೆ ಏನು ಬಂತು?

ಖುಲ್ಲಾ ಆಯಿಲ್ ಮಾತ್ರ ಮುಟ್ಟಬೇಡಿ. ಡ್ರಮ್ಮಿನಿಂದ ಅಳೆದು ಕೊಡುವುದರಲ್ಲಿ ಏನಿದೆಯೋ ಯಾರು ಬಲ್ಲರು? ಹಳೆಯ ಡಬ್ಬಿಗೆ ಕಳಪೆ ಆಯಿಲ್ ತುಂಬಿ ಮಾರುವವರೂ ಇದ್ದಾರೆ. ಮುಚ್ಚಳದ ಒಳಗಿನ ಸೀಲ್ ನಿಮ್ಮ ಕಣ್ಣೆದುರೇ ಒಡೆಯಲಿ. ಖಾಲಿ ಡಬ್ಬಿಗೆ ಸ್ಕ್ರೂ ಡ್ರೈವರಿನಿಂದ ಒಂದು ತೂತು ಹೊಡೆದೇ ಬಿಸಾಡಿ. ನಾನು ಹೊಡೆಯುವಾಗ ಮಿಸ್ತ್ರಿಯ ಹುಡುಗ ಮುಸಿಮುಸಿ ನಗುತ್ತಾನೆ, ನಗಲಿ.

ಯಾವಾಗ ಬದಲಿಸಬೇಕು? ಹೀರೋದ ಪುಸ್ತಕದಲ್ಲಿ 6,000 ಕಿ.ಮೀ.ಗೆ ಬದಲಾವಣೆ, ನಡುವೆ 3,000ಕ್ಕೆ ಟಾಪ್ ಅಪ್ ಅಂತ ಇದೆ. ಹೊಸ ಗಾಡಿಗೆ ಸರಿ. ಹತ್ತು ವರ್ಷದ ಗಾಡಿ, ತೊಗರಿ ರಾಶಿಯ ಕಾಲದ ಧೂಳು, ಎದುರಿಗೆ ಫರ್ಸಿ ಕಲ್ಲಿನ ಲಾರಿ. ಇದನ್ನೆಲ್ಲ ನೋಡಿ ನಾನು 3,000ಕ್ಕೇ ಬದಲಿಸುತ್ತೇನೆ. ಏರ್ ಫಿಲ್ಟರ್ ಕಟ್ಟಿದ್ದರೆ ಅಥವಾ ಹರಿದಿದ್ದರೆ ಆ ಧೂಳು ಒಳಗೆ ಹೋಗಿ ಆಯಿಲ್‌ನಲ್ಲಿ ಕಲಸಿ ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಆಮೇಲೆ ಎಂಥ ಆಯಿಲ್ ಹಾಕಿದರೂ ಅಷ್ಟೇ. ಇನ್ನು ಆಯಿಲ್ ಬೇಗ ಕಪ್ಪಾಯಿತು ಅಂತ ಹೆದರಬೇಡಿ. ಒಳಗಿನ ಮಸಿಯನ್ನು ಹಿಡಿದಿಟ್ಟುಕೊಳ್ಳುವುದೂ ಅದರ ಕೆಲಸವೇ. ಹಾಲು ಕಲಸಿದ ಹಾಗೆ ಬೆಳ್ಳಗಾದರೆ ಮಾತ್ರ ನೀರು ಹೊಕ್ಕಿದೆ ಅಂತ ಅರ್ಥ, ಆಗ ತಡ ಮಾಡಬೇಡಿ.

ನಿಜವಾಗಿ ರೊಕ್ಕ ಉಳಿಸುವುದು ಹದಿನೈದು ದಿನಕ್ಕೊಮ್ಮೆ ಆಯಿಲ್ ಅಳೆಯುವ ಕಡ್ಡಿ ಎತ್ತಿ ನೋಡುವುದು. ಗಾಡಿಯನ್ನು ಸಮತಟ್ಟು ಜಾಗದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ. ಎರಡು ಮೂರು ನಿಮಿಷ ಚಾಲೂ ಇಟ್ಟು ಬಂದ್ ಮಾಡಿ, ಮತ್ತೆ ಅಷ್ಟೇ ಹೊತ್ತು ಬಿಡಿ. ಕಡ್ಡಿ ಒರೆಸಿ, ತಿರುಗಿಸಿ ಬಿಗಿ ಮಾಡದೆ ಸುಮ್ನೆ ಇಳಿಸಿ ತೆಗೆಯಿರಿ. ಎರಡು ಗೆರೆಗಳ ನಡುವೆ ಇರಬೇಕು. 900 ಮಿ.ಲೀ.ನಲ್ಲಿ 300 ಸುಟ್ಟು ಹೋದರೆ ಉಳಿದ 600 ಎಲ್ಲ ಬಿಸಿಯನ್ನೂ ಹೊರಬೇಕು. ನಾನು ನೋಡಿದ ಸೀಜ್ ಆದ, ಅಂದರೆ ಬಿಸಿಗೆ ಕಚ್ಚಿಕೊಂಡು ನಿಂತ ಎಂಜಿನ್‌ಗಳಲ್ಲಿ ಹೆಚ್ಚಿನವು ಕೆಟ್ಟ ಆಯಿಲ್‌ನಿಂದ ಅಲ್ಲ, ಆಯಿಲ್ ಇಲ್ಲದೆ ಹೋದವು.

ತೆಗೆದ ಹಳೆಯ ಆಯಿಲನ್ನು ಚರಂಡಿಗೋ ಹೊಲಕ್ಕೋ ಸುರಿಯಬೇಡಿ, ಮಿಸ್ತ್ರಿಗೇ ಬಿಡಿ.

ಕೊನೆಗೆ ಸ್ಕೂಟಿ. ಗೇರ್ ಇಲ್ಲದ ಸ್ಕೂಟರಿನ ಕ್ಲಚ್ ಒಣಗಿರುತ್ತದೆ, ಹಾಗಾಗಿ ಅದಕ್ಕೆ ಬರುವುದು 'ಜಾಸೊ ಎಂಬಿ'. ಇದು ಜಾಸ್ತಿ ಜಾರುವ ಆಯಿಲ್. ಅವಸರಕ್ಕೆ ನಿಮ್ಮ ಎಂಎ ಆಯಿಲ್ ಸ್ಕೂಟಿಗೆ ಹಾಕಿದರೆ ಕೆಡುವುದಿಲ್ಲ, ಮೈಲೇಜ್ ಚೂರು ಕಡಿಮೆ ಆಗಬಹುದು. ಸ್ಕೂಟಿಯ ಎಂಬಿ ಡಬ್ಬಿ ಸ್ಪ್ಲೆಂಡರ್‌ಗೆ ಬೇಡ. ನಮ್ಮನೆಯಲ್ಲಿ ಎರಡೂ ಡಬ್ಬಿ ಒಂದೇ ಕಪಾಟಿನಲ್ಲಿ ಇರುತ್ತವೆ, ಅದಕ್ಕೇ ಸ್ಕೂಟಿಯ ಡಬ್ಬಿಯ ಕುತ್ತಿಗೆಗೆ ಒಂದು ಕೆಂಪು ದಾರ ಕಟ್ಟಿದ್ದೇನೆ.